ಏಡಿ ಅಂಚು

ಬನಹಟ್ಟಿ
೧೭ ನವೆಂಬರ್ ೨೦೧೩, ರವಿವಾರ

ಮೈ ಡಿಯರ್ ವೈಶಾಲಿ,

ದೀಪಾವಳಿಯ ಫರಾಳದ ಡಬ್ಬಿಯಲ್ಲಿ ನೀನಿಟ್ಟಿದ್ದ ಚೀಟಿಗೆ ಹದಿನೈದು ದಿನವಾದರೂ ಉತ್ತರ ಬರೆಯಲಿಲ್ಲ. ಡಿಲೇಗೆ ಕ್ಷಮೆ ಇರಲಿ. ಚಕ್ಕಲಿ ಎರಡೇ ದಿನಕ್ಕೆ ಮುಗಿದವು, ಉಂಡಿ ಇನ್ನೂ ನಾಲ್ಕು ಇವೆ. ಡಬ್ಬಿ ತೊಳೆದು ಅದರಲ್ಲೇ ಈ ಕಾಗದ ಇಟ್ಟು ಮುಧೋಳ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತೇನೆ. ಮುಧೋಳವೇನು ದೂರ, ಫೋನ್ ಮಾಡಬಾರದಿತ್ತೇ ಎನ್ನುತ್ತೀ. ಮಾಡಿದೆನಲ್ಲ, ಮೂರು ಸಲ. ಮೂರು ಸಲವೂ ಚಳಿ ಎಷ್ಟಿದೆ, ಅಳಿಯಂದಿರ ಕೆಮ್ಮು ಹೇಗಿದೆ ಎಂದು ಕೇಳಿ ಇಟ್ಟುಬಿಟ್ಟೆ. ಹೇಳಬೇಕಾದದ್ದು ಬಾಯಿಗೆ ಬರಲಿಲ್ಲ. ಕೈಗಾದರೂ ಬರುತ್ತದೋ ನೋಡೋಣ.

ನನ್ನ ಹೆಲ್ತ್ ಆಲ್ ರೈಟ್. ಆಪರೇಷನ್ ಆದ ಕಣ್ಣಿನಲ್ಲಿ ಈಗ ನೂಲಿನ ಎಳೆಯೂ ಕಾಣುತ್ತದೆ.

ನಮ್ಮ ನೇಕಾರರ ಸಂಘಕ್ಕೆ ಐವತ್ತು ತುಂಬಿದ್ದು, ಬರುವ ರವಿವಾರ ಸಮಾರಂಭ, ಏಡಿ ಅಂಚಿನ ಸೀರೆಗಾಗಿ ನನಗೆ ಸನ್ಮಾನ, ಇದೆಲ್ಲ ನಿನಗೆ ಗೊತ್ತು. ನಿನ್ನ ಸಾಲಿಯ ಟೀಚರುಗಳನ್ನೆಲ್ಲ ಕರೆತರುತ್ತೇನೆ ಎಂದು ಬರೆದಿದ್ದೀಯ. ಮದುವೆಗೆ ಉಟ್ಟ ಆ ಸೀರೆಯನ್ನೇ ಉಟ್ಟು ಬರುತ್ತೇನೆ ಎಂದೂ ಬರೆದಿದ್ದೀಯ. ಅದನ್ನು ಓದಿದ ಮೇಲೆಯೇ ನನಗೆ ಉತ್ತರ ಬರೆಯಲು ಆಗದೆ ಹೋದದ್ದು.

ಕಳೆದ ಮಂಗಳವಾರ ಮಹಾಲಿಂಗಪುರಕ್ಕೆ ಹೋಗಿದ್ದೆ. ಪಕ್ಕದ ಮನೆ ಬೋರವ್ವನ ಸೊಸೆ ರೇಷ್ಮಾ ಅಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಡಿಟಿಪಿ ಅಂಗಡಿ ಇಟ್ಟಿದ್ದಾಳಲ್ಲ, ಸಂಘದ ಸ್ಮರಣ ಸಂಚಿಕೆಯನ್ನು ಅವಳೇ ಕೂಡಿಸುತ್ತಿದ್ದಾಳೆ. ನನ್ನ ಪುಟದ ಪ್ರೂಫ್ ನೋಡಲು ಕರೆದಿದ್ದಳು. ಮೇಲೆ ನನ್ನ ಫೋಟೋ, ಕೆಳಗೆ ಅಂಚಿನ ಚಿತ್ರ. ಅವಳ ಪ್ರಿಂಟರ್ ಮುನಿಸಿಕೊಂಡು ಕೂತಿತ್ತು.

“ಕಾಕಾ, ಇದು ಸುದ್ದ ಆಗೂತನಾ ಗೇಮ್ ಆಡ್ರಿ. ಹಳೇ ಕಾಲದ್ವು ರಗಡ ಅದಾವ.”

“ನನ್ನ ವಯಸ್ಸಿಗೆ ಗೇಮ್ ಯಾಕವಾ?”

“ನಿಮ್ಮ ವಯಸ್ಸಿನವ ಅದಾವ ತಗೋರಿ. ಇವು ಹೊಸಾವಿದ್ದಾಗ ನಾ ಇನ್ನಾ ಹುಟ್ಟೇ ಇರಲಿಲ್ಲ.”

ಅವಳು ಒಂದನ್ನು ಒತ್ತಿದಳು. ಕಪ್ಪು ಪರದೆಯ ಮೇಲೆ ಸಾಲುಸಾಲು ಬಿಳಿ ಏಡಿಗಳು. ಕಾಲು ಬಿಚ್ಚಿ, ಕಾಲು ಮುಚ್ಚಿ, ಟಕ್ ಟಕ್ ಎಂದು ಎಡಕ್ಕೆ, ಬಲಕ್ಕೆ, ಒಂದು ಮೆಟ್ಟಿಲು ಕೆಳಕ್ಕೆ. ತಳದಲ್ಲಿ ನನ್ನದೊಂದು ಪುಟ್ಟ ತೋಪು. ನನಗೆ ಕುರ್ಚಿಯಿಂದ ಏಳಬೇಕೆನಿಸಿತು, ಏಳಲಿಲ್ಲ. ಒಂದು ನಿಮಿಷದಲ್ಲಿ ಸತ್ತೆ. ಏಡಿಗಳು ಇದ್ದಲ್ಲೇ ನಿಂತವು. ರೇಷ್ಮಾ ಪರದೆ ನೋಡಿದಳು, ಮೇಜಿನ ಮೇಲಿನ ಪ್ರೂಫ್ ನೋಡಿದಳು.

“ಅಯ್ಯ ಕಾಕಾ, ಇವು ನಿಮ್ಮ ಏಡೀನ ಅಲ್ಲೇನ್ರಿ! ಇಲ್ಲಿಂದ ಕದ್ದೀರಿ ಹೌದಿಲ್ಲೊ, ಖರೆ ಹೇಳ್ರಿ!” ಎಂದು ಬಿದ್ದು ಬಿದ್ದು ನಕ್ಕಳು.

“ಕದ್ದಾಕಿ ನಿಮ್ಮ ಕಾಕೂ,” ಎಂದುಬಿಟ್ಟೆ. ಹದಿನೈದು ವರ್ಷದಲ್ಲಿ ಮೊದಲ ಸಲ.

ನಿನಗೂ ಹೇಳಿಲ್ಲ, ಈಗ ಕೇಳು. ೧೯೯೭ರಲ್ಲಿ ನೀನು ಜಮಖಂಡಿಯ ಹಾಸ್ಟೆಲಿನಲ್ಲಿದ್ದೆ. ನಿನ್ನ ಸೋದರಮಾವ ಶಶಿಕಾಂತ ಪುಣೆಯಲ್ಲಿ ಯಾರೋ ಬಿಟ್ಟ ಹಳೆಯ ಹೋಮ್ ಕಂಪ್ಯೂಟರ್ ತಂದುಕೊಟ್ಟ. ಬರೀ ಕೀಲಿಮಣೆ; ಟೀವಿಗೆ ಜೋಡಿಸಬೇಕು, ಆಟವನ್ನು ಕ್ಯಾಸೆಟ್ಟಿನಿಂದ ತುಂಬಬೇಕು. ಟೇಪ್ ಹಾಕಿದರೆ ಐದು ನಿಮಿಷ ಕಿರ್‍ರೋ ಎಂದು ಚೀರುತ್ತಿತ್ತು. ಬೋರವ್ವ ಗೋಡೆಯಾಚೆಯಿಂದ ನಿಮ್ಮವ್ವನಿಗೆ, “ಏನ ಬೇ ಕಸ್ತೂರಿ, ಟೇಪಿನಾಗ ಬೆಕ್ಕ ಹಾಕಿ ಹಿಂಡಾಕತ್ತೀಯೇನ?” ಎಂದು ಕೂಗುತ್ತಿದ್ದಳು. ನಾನು ಬಿ.ಎ. ಫಸ್ಟ್ ಇಯರಿನ ಇಂಗ್ಲಿಷು ಹಿಡಿದು ಅದರ ಪುಸ್ತಕ ಓದಿದೆ, ಹನ್ನೆರಡನೆಯ ಪುಟಕ್ಕೆ ನಿದ್ದೆ ಹೋದೆ. ನಿಮ್ಮವ್ವ ಓದದೆಯೇ ಆಡಿದಳು.

ಮಧ್ಯಾಹ್ನ ತ್ರೀ ಫೇಸ್ ಹೋಗಿ ಮಗ್ಗ ನಿಲ್ಲುತ್ತಿದ್ದವು, ಸಿಂಗಲ್ ಫೇಸಿನಲ್ಲಿ ಟೀವಿ ನಡೆಯುತ್ತಿತ್ತು. ಓಣಿಯೆಲ್ಲ ಗಪ್ಪಾದ ಆ ಎರಡು ತಾಸು ಅವಳದು. ಬಹಳ ಚೆನ್ನಾಗಿ ಆಡುತ್ತಿದ್ದಳು, ವೈಶಾಲಿ. ನಾನು ಎರಡನೆಯ ಸಾಲಿಗೆ ಸಾಯುತ್ತಿದ್ದೆ, ಅವಳು ಮಗ್ಗ ಶುರುವಾಗುವವರೆಗೂ ಬದುಕಿರುತ್ತಿದ್ದಳು. ಒಂದು ದಿನ ನೋಡುತ್ತೇನೆ, ಶುರುವಿನಲ್ಲೇ ಸುಮ್ಮನೆ ಕೈಕಟ್ಟಿ ಕೂತು ಸೋಲುತ್ತಿದ್ದಾಳೆ.

“ಯಾಕ, ಕೈ ನೋಯಾಕತ್ತೈತೇನು?”

“ಸುಮ್ಮನಿರ್ರಿ. ಸೋತರ ಅವು ನಿಂದರತಾವು. ನಿಂತರ ಎಣಿಸಾಕ ಬರತೈತಿ.”

ಟೀವಿಯ ಗಾಜಿಗೆ ಬೆಣ್ಣೆಕಾಗದ ಹಚ್ಚಿ ಏಡಿಯ ಚೌಕಗಳನ್ನು ಎಣಿಸಿದಳು. ನಾನು ಸೀರೆಗೆ ಡಿಸೈನು ಬರೆಯುವ ಗ್ರಾಫಿನ ಹಾಳೆಗೆ ಇಳಿಸಿದಳು. ಒಂದು ಚೌಕಕ್ಕೆ ಒಂದು ಎಳೆ, ಆ ಲೆಕ್ಕ ಗ್ರಾಫಿನ ಮಾಸ್ತರನ ಹೆಂಡತಿಗೆ ಹೇಳಿಕೊಡಬೇಕೇ? ಒಂದು ಏಡಿ ಕಾಲು ಬಿಚ್ಚಿದ್ದು, ಮುಂದಿನದು ಮುಚ್ಚಿದ್ದು. ಅದಕ್ಕೇ ಆ ಸೀರೆ ಉಟ್ಟವರು ನಡೆದರೆ ಅಂಚಿನಲ್ಲಿ ಏಡಿಗಳೂ ನಡೆದಂತೆ ಕಾಣುವುದು. ರಬಕವಿಯಿಂದ ಬೀಳಗಿಯವರೆಗೆ ಹೆಂಗಸರು ಕೇಳಿ ಕೇಳಿ ತೆಗೆದುಕೊಂಡದ್ದು ಅದನ್ನೇ. ನಾನು ಮಾಡಿದ್ದು ಅವಳ ಗ್ರಾಫು ನೋಡಿ ಮಗ್ಗಕ್ಕೆ ಹಾಕುವ ಕಾರ್ಡಿಗೆ ತೂತು ಹೊಡೆದದ್ದು ಮಾತ್ರ.

ಮರುವರ್ಷ ಸಂಘದ ಬಹುಮಾನ ಬಂತು. ಮಾಸ್ತರನ ಮನೆಯಿಂದ ಬಂದ ಡಿಸೈನು ಮಾಸ್ತರನದೇ ಎಂದು ಜನ ತಾವೇ ತಿಳಿದರು. ನಾನು ತಿದ್ದಲಿಲ್ಲ. ಅದು ನನ್ನ ಮಿಸ್ಟೇಕ್.

ಮಹಾಲಿಂಗಪುರದಿಂದ ಬಂದವನು ಸೀದಾ ಸಂಘದ ಕಾರ್ಯದರ್ಶಿ ಜಕ್ಕಪ್ಪನ ಬಳಿ ಹೋದೆ. ಪುಟದಲ್ಲಿ ಕಸ್ತೂರಿಯ ಹೆಸರು, ಕಸ್ತೂರಿಯ ಫೋಟೋ ಹಾಕಬೇಕೆಂದೆ.

“ಹುಚ್ಚ ಹಿಡದೈತೇನಲೇ ಸಿದರಾಯ? ಆಕಿ ಹೋಗಿ ಏಳು ವರ್ಷ ಆತು. ಶಾಲ್ ಯಾರಿಗೆ ಹೊಚ್ಚೂದು, ಫೋಟೋಕ್ಕ? ಗಂಡ ಹೆಂಡ್ತಿ ಅಂದಮ್ಯಾಲ ಇಬ್ಬರದೂ ಒಂದ ಬಿಡೊ.”

“ಒಂದ ಆದರ ಆಕಿ ಹೆಸರ ಹಾಕಾಕ ನಿನಗೇನ ತ್ರಾಸ?” ಎಂದೆ. ಅವನು ತಲೆ ಕೆರೆದುಕೊಂಡ. ಕೊನೆಗೆ, ಬುಧವಾರ ಸಂಜೆಯೊಳಗೆ ಛಲೋ ಫೋಟೋ ತಂದರೆ ಸರಿ, ಇಲ್ಲವಾದರೆ ಗುರುವಾರ ನನ್ನದೇ ಅಚ್ಚಿಗೆ ಹೋಗುತ್ತದೆ ಎಂದ.

ಕಪಾಟು, ಟ್ರಂಕು ಎಲ್ಲ ಹುಡುಕಿದೆ. ಇಲ್ಲಿರುವ ಫೋಟೋಗಳಲ್ಲೆಲ್ಲ ಅವಳು ನನ್ನ ಹಿಂದೆ ಅರ್ಧ ಕಾಣುತ್ತಾಳೆ. ನಿನ್ನ ಬಳಿ ಅವಳೊಬ್ಬಳೇ ಇರುವ, ಮುಖ ಪೂರ್ತಿ ಕಾಣುವ ಫೋಟೋ ಇದ್ದರೆ ಬುಧವಾರ ಮುಂಜಾನೆಯ ಬಸ್ಸಿಗೆ ಕೊಟ್ಟು ಕಳಿಸು. ಇನ್ನು ಟೀಚರುಗಳ ಮುಂದೆ “ನಮ್ಮಪ್ಪನ ಅಂಚು” ಎಂದು ಹೇಳಿಕೊಂಡು ಬಂದವಳು ನೀನು. ಅವರಿಗೆ ಏನು ಹೇಳುತ್ತೀಯೋ, ನನ್ನನ್ನು ಏನೆಂದುಕೊಳ್ಳುತ್ತೀಯೋ, ಅದು ನಿನಗೆ ಬಿಟ್ಟದ್ದು. ಸಿಟ್ಟು ಬಂದರೆ ಫೋಟೋದ ಜೊತೆ ಅದನ್ನೂ ಬರೆದು ಕಳಿಸು. ಓದುತ್ತೇನೆ.

ಅಳಿಯಂದಿರಿಗೆ ನಮಸ್ಕಾರ. ಕೆಮ್ಮಿಗೆ ಓಂಕಾಳಿನ ಕಷಾಯ ಮಾಡಿಕೊಡು. ನಿಮ್ಮಿಬ್ಬರನ್ನೂ ದೇವರು ತಂಪಾಗಿಟ್ಟಿರಲಿ. ನಿನ್ನ ಕೈ ಮಾಡಿದ್ದು ನಿನ್ನ ಹೆಸರಿನಲ್ಲೇ ಉಳಿಯಲಿ, ಮಗಳೇ.

ಯುವರ್ ಲವಿಂಗ್ ಫಾದರ್,
ಸಿದರಾಯ

ತಾ.ಕ.: ಡಬ್ಬಿಯ ಮುಚ್ಚಳ ಹಾಕಿ ಮತ್ತೆ ತೆಗೆದೆ. ಮೇಲೆ ಬರೆದದ್ದರಲ್ಲಿ ಒಂದು ಮಾತು ಖರೆ ಅಲ್ಲ. ಜನ ತಾವೇ ತಿಳಿದುಕೊಳ್ಳಲಿಲ್ಲ, ಕೇಳಿದರು. ಆಗಿನ ಅಧ್ಯಕ್ಷರು ನಮ್ಮ ಪಡಸಾಲೆಯಲ್ಲಿ ಕೂತು ಗ್ರಾಫಿನ ಹಾಳೆ ಎತ್ತಿ ಹಿಡಿದು, “ಇದನ್ನ ಬರದವ್ರು ಯಾರ್ರಿ?” ಎಂದು ಕೇಳಿದರು. ನಿಮ್ಮವ್ವ ಚಹಾದ ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಹೇಳಬೇಕೆಂದು ಬಾಯಿ ತೆರೆದಿದ್ದಳು, ಮುಖದಲ್ಲಿ ನಗು ಬಂದಿತ್ತು. ನಾನು “ನಾನರಿ” ಎಂದೆ. ಅವಳು ಬಂದು ಇಬ್ಬರ ಮುಂದೆಯೂ ಕಪ್ಪು ಇಟ್ಟಳು. “ಹೂಂನ್ರಿ, ಅವರ ಕೈ ಭಾಳ ಛಲೋ ಐತ್ರಿ. ಚಾ ತಗೋರಿ, ಆರತೈತಿ” ಎಂದಳು. ಆಮೇಲೆ ಎಂಟು ವರ್ಷ ಬದುಕಿದ್ದಳು. ಒಮ್ಮೆ ಜಗಳದಲ್ಲಾದರೂ ಆ ಮಾತು ಎತ್ತಲಿ ಎಂದು ಕಾದೆ. ಎತ್ತಲಿಲ್ಲ.