ಗೋದಾಮಿನ ತಿರುವು

ಭಾನುವಾರ, ಹದಿನಾಲ್ಕನೇ ತಾರೀಖು
ಮಧ್ಯಾಹ್ನ

ಪ್ರೀತಿಯ ಮೇಸ್ತ್ರಿಗೆ,

ಈ ಹೆಸರು ಹಿಡಿದು ಕರೆದು ಬಹಳ ದಿನವಾಯಿತು. ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು, ‘ಅಪ್ಪಾ, ಇನ್ನೂ ಆಗ್ಲಿಲ್ವಾ?’ ಎಂದು ನನ್ನ ಮೇಲೆ ದರ್ಬಾರು ನಡೆಸುತ್ತಿದ್ದ ಹುಡುಗಿಗೆ ನಿನ್ನ ಅಮ್ಮ ಇಟ್ಟ ಹೆಸರು ಇದು. ಈಗ ಹೀಗೆ ಕರೆದರೆ ನಿನಗೆ ಸಿಟ್ಟು ಬರುತ್ತದೋ ಏನೋ. ಬಂದರೂ ಪತ್ರ ಪೂರ್ತಿ ಓದು.

ನಿನ್ನ ಕಾಗದ ಬುಧವಾರ ಬಂತು. ನಾಲ್ಕು ತಿಂಗಳಿಗೆ ಮೊದಲನೆಯದು. ಪಂಪ್‌ಹೌಸಿನಲ್ಲಿ ಎರಡನೇ ಮೋಟಾರಿನ ಪಕ್ಕ ನಿಂತು ಓದಿದೆ. ಮೂರೇ ಸಾಲು. ‘ಅಪ್ಪಾ, ಗಾಡಿ ಮಾರಿಬಿಡು. ಇದ್ದ ಹಾಗೇ ಕೊಟ್ಟುಬಿಡು, ಬಿಚ್ಚೋದು ತೊಳೆಯೋದು ಏನೂ ಬೇಡ. ಮನೆಗೆ ಬಂದರೆ ಅದು ನನ್ನ ಕಣ್ಣಿಗೆ ಬೀಳಬಾರದು.’ ಹಿಂದೆ ಮುಂದೆ ಹುಡುಕಿದೆ, ಮತ್ತೇನೂ ಇರಲಿಲ್ಲ. ಮನೆಗೆ ಬಂದರೆ ಎಂದು ಬರೆದಿದ್ದೀಯಲ್ಲ, ಅಷ್ಟನ್ನು ಮಡಚಿ ಜೇಬಿನಲ್ಲಿಟ್ಟುಕೊಂಡೆ.

ನಾನು ಹೇಗಿದ್ದೇನೆ ಎಂದು ನೀನು ಕೇಳಿಲ್ಲ. ಆದರೂ ಹೇಳುತ್ತೇನೆ. ಇದ್ದೇನೆ. ಬೆಳಗಿನ ಪಾಳಿಗೆ ಹೋಗುತ್ತೇನೆ, ಬರುತ್ತೇನೆ. ಒಬ್ಬನಿಗೆ ಎಷ್ಟು ಅನ್ನ ಇಡಬೇಕೆಂದು ಇನ್ನೂ ಅಂದಾಜು ಸಿಕ್ಕಿಲ್ಲ, ದಿನವೂ ಮಿಗುತ್ತದೆ. ಹೊಲಿಗೆ ಯಂತ್ರದ ಮೇಲೆ ಬಟ್ಟೆ ಮುಚ್ಚಿದ್ದೇನೆ. ಸೂಜಿಯಲ್ಲಿ ನಿನ್ನ ಅಮ್ಮ ಪೋಣಿಸಿದ್ದ ಖಾಕಿ ದಾರ ಹಾಗೇ ಇದೆ. ಬಲಗಾಲಿನ ಮಂಡಿ ಸೋತಿದೆ. ಭಾನುವಾರ ಗಾಡಿಯನ್ನು ನಿಂತಲ್ಲೇ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಡುತ್ತೇನೆ, ಇಲ್ಲದಿದ್ದರೆ ಈ ವಯಸ್ಸಿನ ಎಂಜಿನ್ ಜಡ್ಡುಗಟ್ಟುತ್ತದೆ. ಮೊದಲು ಎರಡು ಕಿಕ್ಕಿಗೆ ಏಳುತ್ತಿತ್ತು, ಈಗ ಏಳೆಂಟು ಬೇಕು. ಪ್ರತಿ ಸಲವೂ ಕಿವಿಯಲ್ಲಿ ನಿನ್ನ ಅಮ್ಮ, ‘ಯಜಮಾನರು ಎದ್ರೇನ್ರೀ?’ ಅನ್ನುತ್ತಾಳೆ. ಈ ಮನೆಯಲ್ಲಿ ಯಜಮಾನರು ಅಂದರೆ ಗಾಡಿ. ನಾನು ಬರೀ ‘ಏನ್ರೀ’.

ನಿನ್ನ ಮಾತಿನಂತೆ ಮಾರುವುದೆಂದೇ ತೀರ್ಮಾನ ಮಾಡಿದೆ. ಹಳೆಯ ಗಾಡಿಗಳ ಹುಚ್ಚಿರುವ ಹಲ್ಲಿನ ಡಾಕ್ಟರೊಬ್ಬರು ಎರಡು ವರ್ಷದಿಂದ ಕೇಳುತ್ತಿದ್ದರಲ್ಲ, ಅವರಿಗೆ ಹೇಳಿ ಕಳಿಸಿದೆ. ಅವರು ಇವತ್ತು ಬೆಳಿಗ್ಗೆ ಬಂದು ಹೋದರು. ಅದನ್ನು ಹೇಳುವ ಮೊದಲು ಇನ್ನೊಂದು ಹೇಳಬೇಕು. ಇದನ್ನು ಯಾರಿಗೂ ಹೇಳಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು, ‘ಇವರ ತೂಕ ಯಾವಾಗಿಂದ ಇಳೀತಿದೆ?’ ಎಂದು ಕೇಳಿದಾಗ, ಗಮನಿಸಲಿಲ್ಲ ಎಂದೆ. ನೀನು ಪಕ್ಕದಲ್ಲೇ ಇದ್ದೆ. ಎಲ್ಲ ಮುಗಿದು, ಬಂದವರೆಲ್ಲ ಹೋದ ಮೇಲೆ ನೀನು ಅಡುಗೆಮನೆ ಬಾಗಿಲಲ್ಲಿ ನಿಂತು, ‘ಒಂದು ನಟ್ಟು ಅರ್ಧ ಸುತ್ತು ಸಡಿಲ ಆದ್ರೂ ನಿಂಗೆ ಕೇಳ್ಸುತ್ತೆ. ಅಮ್ಮ ಅರ್ಧ ಆಗಿದ್ದು ಕಾಣ್ಲಿಲ್ವಾ ಅಪ್ಪಾ?’ ಎಂದೆ. ಮರುದಿನ ನೀನು ಬಸ್ಸು ಹತ್ತಿದೆ.

ಕಂಡಿತ್ತು, ಮಗಳೇ. ಡಾಕ್ಟರಿಗೆ ಹೇಳಿದ್ದು ಸುಳ್ಳು.

ಸೈಡ್‌ಕಾರಿನ ವಿಷಯ ನಿನಗೆ ನಾನು ಕಲಿಸಬೇಕಾಗಿಲ್ಲ. ಬೈಕಿನ ಎಡಕ್ಕೆ ಜೋಡಿಸಿದ ಆ ಒಂಟಿ ಚಕ್ರದ ತೊಟ್ಟಿಯಲ್ಲಿ ಯಾರೂ ಕೂತಿಲ್ಲದಿದ್ದರೆ ಎಡಕ್ಕೆ ತಿರುಗುವಾಗ ಅದರ ಚಕ್ರ ನೆಲ ಬಿಟ್ಟು ಏಳುತ್ತದೆ. ಅದಕ್ಕೇ ಒಬ್ಬನೇ ಓಡಿಸುವವನು ಒಳಗೆ ಮರಳಿನ ಮೂಟೆ ಇಟ್ಟುಕೊಳ್ಳುತ್ತಾನೆ. ಮದುವೆಗೆ ಮೊದಲು ನಾನೂ ಇಟ್ಟಿದ್ದೆ. ‘ಮೂಟೆ ಇಳಿಸಿ ಆ ಜಾಗಕ್ಕೆ ನನ್ನ ಕೂರಿಸಿದ್ರು’ ಎಂದು ನಿನ್ನ ಅಮ್ಮ ಊರೆಲ್ಲ ಹೇಳಿಕೊಂಡು ಬಂದವಳು. ಮೂವತ್ತೊಂದು ವರ್ಷ ಭಾನುವಾರ ಭಾನುವಾರ ಸೇತುವೆಯವರೆಗೆ ಹೋಗಿ ಬಂದೆವು. ದಾರಿಯಲ್ಲಿ ಒಂದೇ ದೊಡ್ಡ ಎಡತಿರುವು, ಗೋದಾಮಿನ ಹತ್ತಿರದ್ದು. ಅಲ್ಲಿ ಚಕ್ರ ನೆಲಕ್ಕೆ ಅಂಟಿಕೊಂಡಿರುವುದು ನನ್ನ ಹ್ಯಾಂಡಲಿಗೆ ಗೊತ್ತಾಗುತ್ತಿತ್ತು.

ಹೋದ ವರ್ಷ ಆ ತಿರುವಿನಲ್ಲಿ ಚಕ್ರ ಹಗುರವಾಗತೊಡಗಿತು. ನನ್ನ ಗಾಡಿಯ ಡೈರಿಯಲ್ಲಿ ಇದೆ, ಇದ್ದ ಹಾಗೇ ಬರೆಯುತ್ತೇನೆ: ‘ಗೋದಾಮಿನ ತಿರುವು. ಎಡ ಚಕ್ರ ತೇಲಿದ ಹಾಗೆ. ಜೋಡಣೆ ನೋಡಬೇಕು.’ ಎರಡು ವಾರ ಬಿಟ್ಟು: ‘ಚಕ್ರ ಎರಡು ಬೆರಳು ಎದ್ದಿತು. ಸೈಡ್‌ಕಾರ್ ಕಂಬಿಯ ಬೋಲ್ಟ್ ಬಿಗಿ ಮಾಡಿದೆ.’ ಆಮೇಲೆ: ‘ನಾಲ್ಕು ಬೆರಳು.’ ಪ್ರತಿ ಶನಿವಾರ ಹಲಗೆ ಇಟ್ಟು, ದಾರ ಕಟ್ಟಿ, ಮುಂದಿನ ಅಳತೆ ಹಿಂದಿನ ಅಳತೆ ನೋಡಿ, ಕೂದಲೆಳೆಯಷ್ಟು ಆಚೆ ಈಚೆ ಮಾಡಿದೆ. ಸ್ಪ್ರಿಂಗ್ ಬದಲಿಸಿದೆ. ಟೈರಿನ ಗಾಳಿ ಇಳಿಸಿದೆ. ಮೂರು ತಿಂಗಳು ಗಾಡಿಯ ಕೆಳಗೆ ಬೆನ್ನು ಹಾಕಿ ಮಲಗಿದ್ದೆ. ಅವಳು ಹೊಸ್ತಿಲಲ್ಲಿ ಕೂತು ಯಾರದೋ ಅಂಗಿಗೆ ಗುಂಡಿ ಹಚ್ಚುತ್ತಾ ನೋಡುತ್ತಿದ್ದಳು. ‘ಬಿಡ್ರೀ, ವಯಸ್ಸಾಯ್ತು ಅದಕ್ಕೆ’ ಅಂದಳು ಒಂದು ಸಲ. ‘ವಯಸ್ಸಿಗೂ ಇದಕ್ಕೂ ಸಂಬಂಧ ಇಲ್ಲ, ಸುಮ್ನಿರು’ ಎಂದು ಕೆಳಗಿನಿಂದಲೇ ಗದರಿದೆ.

ಚಕ್ರ ಏಳುವುದಕ್ಕೆ ಕಾರಣ ಎರಡೇ. ಜೋಡಣೆ ತಪ್ಪಿರಬೇಕು, ಇಲ್ಲವೇ ಕೂತವರ ಭಾರ ಇಳಿದಿರಬೇಕು. ಈ ಕೆಲಸ ತಿಳಿದ ಯಾರಿಗಾದರೂ ಗೊತ್ತಿರುವ ಮಾತು. ನಾನು ಮೊದಲನೆಯದನ್ನು ಮಾತ್ರ ಹುಡುಕಿದೆ. ಎರಡನೆಯದು ಹೊಳೆಯಲಿಲ್ಲವೇ ಎಂದರೆ, ಹೊಳೆಯಲು ಬಿಡಲಿಲ್ಲ. ಗಾಡಿಯಲ್ಲಿ ತಪ್ಪಿದ್ದರೆ ಪಾನಾ ಹಿಡಿದು ಸರಿ ಮಾಡಬಹುದು ನೋಡು.

ಅವಳ ಬಟ್ಟೆ ಸಡಿಲವಾದದ್ದು ಕಾಣಲಿಲ್ಲವೇ ಎಂದು ನೀನು ಕೇಳಬಹುದು. ಕಾಣಲಿಲ್ಲ. ಊರಿನವರ ಬಟ್ಟೆಗೆಲ್ಲ ಹೊಲಿಗೆ ಹಿಡಿಯುವವಳು ತನ್ನ ಬಟ್ಟೆಗೂ ತಿಂಗಳು ತಿಂಗಳು ಹೊಲಿಗೆ ಹಿಡಿದುಕೊಂಡಿದ್ದಾಳೆ. ಅವಳು ಹೋದ ಮೇಲೆ ಬೀರು ತೆಗೆದು ನೋಡಿದೆ. ಒಂದೊಂದರ ಒಳಗೂ ಮೂರು ನಾಲ್ಕು ಸಾಲು ಹೊಲಿಗೆ, ಒಂದರ ಪಕ್ಕ ಒಂದು. ನಾನು ಗಾಡಿ ಬಿಗಿ ಮಾಡುತ್ತಿದ್ದೆ, ಅವಳು ಬಟ್ಟೆ ಬಿಗಿ ಮಾಡುತ್ತಿದ್ದಳು.

ಆಮೇಲೆ ಒಂದು ಭಾನುವಾರ ಚಕ್ರ ಏಳಲೇ ಇಲ್ಲ. ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ: ‘ಸರಿಹೋಯಿತು! ಅಳತೆ ಕೊನೆಗೂ ಸಿಕ್ಕಿತು.’ ನೀನು ನಾಲ್ಕು ದಿನ ರಜೆ ಹಾಕಿ ಬಂದು ಹೋದ ವಾರ ಅದು. ಸೇತುವೆಯ ಮೇಲೆ ಗಾಡಿ ನಿಲ್ಲಿಸಿ, ನೋಡಿದೆಯಾ ನನ್ನ ಕೈಚಳಕ ಎಂದು ಮೀಸೆ ತಿರುವಿದೆ. ‘ಅದ್ಕೇ ಹೇಳಿದ್ದು, ನಿಮ್ಮಂಥ ಮೆಕ್ಯಾನಿಕ್ ಇನ್ನೊಬ್ರಿಲ್ಲ’ ಅಂದಳು. ನಗುತ್ತಿದ್ದಳು. ಐದು ಭಾನುವಾರ ಹಾಗೆ ಹೋದೆವು. ಆರನೆಯದಕ್ಕೆ ಅವಳು ಹಾಸಿಗೆಯಿಂದ ಏಳಲಿಲ್ಲ.

ಆ ಮೂರು ತಿಂಗಳಲ್ಲಿ ಕರೆದುಕೊಂಡು ಹೋಗಿದ್ದರೆ ಏನಾಗುತ್ತಿತ್ತೋ, ಡಾಕ್ಟರೂ ಖಚಿತವಾಗಿ ಹೇಳಲಿಲ್ಲ. ನೀನು ನನ್ನ ಮೇಲೆ ಹೊರಿಸಿದ್ದು ಹೆಚ್ಚೇನಲ್ಲ. ಹೊತ್ತುಕೊಂಡಿದ್ದೇನೆ. ಆದರೆ ಬಹಳ ದಣಿದಿದ್ದೇನೆ, ಮೇಸ್ತ್ರಿ. ನಿನ್ನ ಜೊತೆ ಮಾತಿಲ್ಲದೆ ಇರುವುದು ಅದಕ್ಕಿಂತ ಭಾರ.

ಇನ್ನು ಇವತ್ತಿನ ವಿಷಯ. ಹಲ್ಲಿನ ಡಾಕ್ಟರು ಗಾಡಿಯ ಸುತ್ತ ಮೂರು ಸುತ್ತು ಹಾಕಿದರು. ಕೆಳಗೆ ಇಟ್ಟ ತಟ್ಟೆಗೆ ಎಣ್ಣೆ ತೊಟ್ಟಿಕ್ಕುವುದನ್ನು ಕಂಡು ಮುಖ ಕಿವುಚಿದರು. ‘ತೊಟ್ಟಿಕ್ತಿದ್ರೆ ಒಳಗೆ ಎಣ್ಣೆ ಇದೆ ಅಂತ ಅರ್ಥ, ನಿಂತ ದಿನ ಹೆದರಿ’ ಎಂದೆ. ನಕ್ಕರು. ಒಂದು ಸುತ್ತು ಓಡಿಸಿ ನೋಡಲೇ ಎಂದು ಕೇಳಿದರು. ಅವಳು ಹೋದ ಮೇಲೆ ಗಾಡಿ ಗೇಟು ದಾಟಿದ್ದು ಇದೇ ಮೊದಲು. ಖಾಲಿ ಸೈಡ್‌ಕಾರ್, ಗೋದಾಮಿನ ತಿರುವಿನಲ್ಲಿ ಒಂದು ಗೇಣು ಎದ್ದೀತು, ನಿಧಾನ ಹೋಗಿ ಎಂದು ಎಚ್ಚರಿಸಿ ಕಳಿಸಿದೆ. ಕಾಲು ಗಂಟೆಯಲ್ಲಿ ವಾಪಸು ಬಂದರು. ‘ಏನ್ ಸಾರ್ ಸುಮ್ನೆ ಹೆದ್ರಿಸ್ತೀರಿ! ಖಾಲಿ ಇದ್ರೂ ಚಕ್ರ ನೆಲ ಬಿಡ್ಲಿಲ್ಲ. ಏನು ಜೋಡಣೆ ಮಾಡಿದ್ದೀರಿ!’ ಎಂದು ಕೈ ಕುಲುಕಿದರು. ಈಗ ಕೊಡಲಾಗುವುದಿಲ್ಲ, ಮಗಳು ಬಂದ ಮೇಲೆ ಹೇಳಿ ಕಳಿಸುತ್ತೇನೆ ಎಂದು ಅವರನ್ನು ಸಾಗಹಾಕಿದೆ. ಪಾಪ, ಮುಖ ಸಣ್ಣದು ಮಾಡಿಕೊಂಡು ಹೋದರು.

ನೀನು ಹೇಳಿದ ಹಾಗೆ ನಡೆದುಕೊಳ್ಳಲಿಲ್ಲ ಎಂದು ಬೇಸರ ಮಾಡಿಕೊಳ್ಳಬೇಡ. ಒಂದು ಸಲ ಬಂದು ಹೋಗು. ನಿನ್ನ ಕೋಣೆ ಗುಡಿಸಿದ್ದೇನೆ. ಅನ್ನ ಹೇಗೂ ಇಬ್ಬರಿಗೆ ಆಗುವಷ್ಟೇ ಆಗುತ್ತಿದೆ.

ನಿನ್ನ ದಾರಿ ನೋಡುತ್ತಿರುವ
ಅಪ್ಪ

ಮರೆತದ್ದು: ಮರೆತದ್ದೇನಲ್ಲ, ಬರೆಯಲೋ ಬೇಡವೋ ಎಂದು ಒಂದು ಗಂಟೆ ಕೂತಿದ್ದೆ. ಖಾಲಿ ಸೈಡ್‌ಕಾರಿನ ಚಕ್ರ ಏಳದೇ ಇರುವಂಥ ಜೋಡಣೆ ಈ ಲೋಕದಲ್ಲಿ ಯಾರಿಂದಲೂ ಆಗದು. ಅದಕ್ಕೇ ಹಲ್ಲಿನ ಡಾಕ್ಟರು ಹೋದ ಕೂಡಲೇ ಸೀಟಿನ ಹಿಂದಿನ ಮೆತ್ತೆ ತೆಗೆದೆ. ಅದು ಅವಳ ರಾಜ್ಯ, ಕೊಡೆ, ನೀರಿನ ಬಾಟಲಿ, ಹೊಲಿಗೆ ಚೀಲ ಇಡುವ ಜಾಗ. ನಾನು ಎಂದೂ ಕೈ ಹಾಕಿದವನಲ್ಲ. ಒಳಗೆ ನಮ್ಮ ಹಿತ್ತಿಲಿನ ಆರು ಇಟ್ಟಿಗೆ. ನನ್ನ ಹಳೆಯ ಖಾಕಿ ಅಂಗಿ ಕತ್ತರಿಸಿ, ಒಂದೊಂದಕ್ಕೂ ದಿಂಬಿಗೆ ಹೊಲಿದ ಹಾಗೆ ಗವಸು ಹೊಲಿದಿದ್ದಾಳೆ, ಕುಲುಕಿದರೆ ಸದ್ದು ಬರಬಾರದೆಂದು. ಹೊಲಿಗೆ ಅವಳದು. ಆದರೆ ಆರು ಇಟ್ಟಿಗೆ ಎತ್ತಿ ತಂದು ಇಡುವ ಶಕ್ತಿ ಆಗ ಅವಳ ಕೈಯಲ್ಲಿರಲಿಲ್ಲ. ಅವು ಅಲ್ಲಾಡದ ಹಾಗೆ ಕಂಬಿಗೆ ಬಿಗಿದ ಹಗ್ಗದ ಗಂಟು, ಕ್ಯಾರಿಯರಿಗೆ ಸಾಮಾನು ಕಟ್ಟಲು ನಾನು ಒಬ್ಬಳಿಗೇ ಕಲಿಸಿದ ಗಂಟು.

ಅವಳು ನಿನಗೆ ಏನು ಹೇಳಿ ಕಟ್ಟಿಸಿದಳು, ಯಾರ ಮೇಲೆ ಆಣೆ ಹಾಕಿಸಿದಳು, ನಾನು ಕೇಳುವುದಿಲ್ಲ. ಅಮ್ಮ ಕೇಳಿದಳು, ನೀನು ಮಾಡಿದೆ. ನಾಲ್ಕು ತಿಂಗಳಿಂದ ಇದನ್ನು ಒಬ್ಬಳೇ ಹೊತ್ತುಕೊಂಡು ತಿರುಗುತ್ತಿದ್ದೀಯಲ್ಲ ಮಗಳೇ, ಇಳಿಸು. ನಾನು ಬಿಚ್ಚಿಲ್ಲ, ಮೆತ್ತೆ ಮತ್ತೆ ಮುಚ್ಚಿಟ್ಟಿದ್ದೇನೆ. ಬಂದು ನೀನೇ ಬಿಚ್ಚು. ಆ ಗಂಟು ನೆನಪಿದೆಯಲ್ಲ, ಒಂದು ತುದಿ ಎಳೆದರೆ ಸಾಕು.