ಊಟಿ ಗಿಡದ ಸೊಪ್ಪು

ಬಂಡೂರು
12 ಮಾರ್ಚ್ 2025, ಬುಧವಾರ

ಪ್ರೀತಿಯ ವೀಣಕ್ಕನಿಗೆ,

ನೀನು, ಭಾವ, ಕೂಸು ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಹತ್ತು ದಿನದಿಂದ ಫೋನು ಮಾಡಿಲ್ಲ, ಬೈದುಕೋಬೇಡ. ಮನೆಯಲ್ಲಿರುವುದು ಅವ್ವನ ಫೋನೊಂದೇ; ಮಾತಾಡುವಾಗ ಅವಳು ಪಕ್ಕ ಬಿಟ್ಟು ಏಳುವುದಿಲ್ಲ. ಗೆಜ್ಜಲಗೆರೆ ಫ್ಯಾಕ್ಟರಿಗೆ ಹೋಗುವ ಸ್ವರೂಪನ ಕೈಲಿ ಇದನ್ನು ಮದ್ದೂರಿಗೆ ಕಳಿಸುತ್ತಿದ್ದೇನೆ.

ಊಟಿಯಿಂದ ತಂದಿದ್ದ ರೋಡೋಡೆಂಡ್ರಾನ್ ಗಿಡ ಕೊನೆಗೂ ಹೂ ಬಿಟ್ಟಿತು. "ಸ್ಕೂಲಲ್ಲಿ ನಿಲ್ದೋಳ ಕೈಲಿ ಗಿಡ ನಿಂತದಾ?" ಎಂದು ನಕ್ಕಿದ್ದೆಯಲ್ಲ, ನಿಂತಿತು. ಬೋರಿನ ನೀರಿಗೆ ಎಲೆ ಹಳದಿಯಾಗುತ್ತಿತ್ತು. ಹಿಡಿದಿಟ್ಟ ಮಳೆನೀರನ್ನೇ ಹಾಕಿದೆ. ಉತ್ತರದ ಗೋಡೆಯ ನೆರಳಲ್ಲಿ ನೆಟ್ಟು ಬುಡಕ್ಕೆ ಕೊಳೆತ ಎಲೆ ತುಂಬಿದೆ. ಅಂಗೈಯಗಲದ ಕೆಂಪು ಗೊಂಚಲು, ಅಕ್ಕ.

ಹೂ ಬಾಡಿದ ಮೇಲೆ ಉದ್ದ ಕೊಂಬೆಗಳನ್ನು ಕತ್ತರಿಸಿದೆ. ನಮ್ಮಲ್ಲಿ ಹಸಿರು ಸೊಪ್ಪು ಯಾವತ್ತು ತಿಪ್ಪೆಗೆ ಹೋಗಿದೆ? ಅವ್ವನ ಟಗರುಗಳ ಮುಂದೆ ಹಾಕಿದೆ. ಮಾರನೆಯ ಬೆಳಗ್ಗೆ ಎರಡೂ ನೊರೆ ಸುರಿಸಿ, ಕುಡಿದವರ ಹಾಗೆ ತೂರಾಡಿ ಬಿದ್ದವು. ಮಧ್ಯಾಹ್ನಕ್ಕೆ ಸತ್ತವು.

ಹಿಂದಿನ ಸಂಜೆ ಪಕ್ಕದ ಮನೆಯ ಪುಟ್ಟಮಾದಮ್ಮಜ್ಜಿ "ಎಂಗ್ ಬೆಳ್ದವೆ ನೋಡು, ಮಂಗಳಿ" ಎಂದು ಅವ್ವನಿಗೆ ಹೇಳುತ್ತ ಅವುಗಳಿಗೆ ಒಂದು ಹಿಡಿ ಬೂಸ ತಿನ್ನಿಸಿದ್ದಳು. ಅಷ್ಟೇ ಸಾಕಾಯಿತು. "ಅವ್ಳೇ ಏನೋ ಆಕವ್ಳೆ ಕಣ್ಲಾ" ಎಂದು ಅವ್ವ ಚಲುವರಾಜು ಮಾವನಿಗೆ ಹೇಳಿದಳು. ಈಗ ಅಜ್ಜಿಗೆ ಅಂಗಡಿಯಲ್ಲಿ ಬೆಂಕಿಪೊಟ್ಟಣವನ್ನೂ ಕೊಡುವುದಿಲ್ಲ. ನಿನ್ನೆ ಯಾರೋ ಅವಳ ಹೆಂಚಿನ ಮೇಲೆ ಕಲ್ಲು ಹಾಕಿದರು. ಶುಕ್ರವಾರ ಗುಡಿ ಮುಂದೆ ಉರಿಯುವ ಕರ್ಪೂರ ಆರಿಸಿ, ತಾನು ಏನೂ ಹಾಕಿಲ್ಲ ಅಂತ ಅವಳು ಆಣೆ ಮಾಡಬೇಕಂತೆ. "ಮಾಡ್ದೆ ಇದ್ರೆ ಊರ್ ಬುಡ್ಲಿ" ಅಂದಿದ್ದಾನೆ ಮಾವ. ಮಾಡಿದರೂ ಸುಳ್ಳಾಣೆ ಅನ್ನುತ್ತಾರೆ.

ನಾನು ಎಲೆ ಹಿಡಿದು ಮಳವಳ್ಳಿಯ ಪಶುವೈದ್ಯರ ಹತ್ತಿರ ಹೋದೆ. "ಇದು ಕುರಿಗೆ ವಿಷ ಕಣಮ್ಮ. ಯಾರು ಹಾಕಿದ್ದು?" ಅಂದರು. ನಾನೇ ಅಂದೆ. ಬಂದು ಅವ್ವನಿಗೂ ಹೇಳಿದೆ.

"ಬಾಯ್ ಮುಚ್ಕೊಂಡಿರು. ಊರೆಲ್ಲ ಅವ್ಳ ಬಾಗ್ಲಿಗೆ ಉಗ್ದದೆ. ಈಗೋಗಿ ನನ್ ಮಗ್ಳೇ ಕೊಂದ್ಲು ಅನ್ಲಾ?" ಎಂದಳು.

ಇವತ್ತು ಎದ್ದು ನೋಡಿದರೆ ಗಿಡವಿದ್ದ ಕಡೆ ಗುಂಡಿ ಇದೆ. ನನ್ನ ಹತ್ತಿರ ಉಳಿದಿದ್ದ ಒಂದು ಕಡ್ಡಿಯನ್ನು ಪತ್ರದೊಳಗೆ ಇಟ್ಟಿದ್ದೇನೆ; ಇಲ್ಲಿದ್ದರೆ ಅದೂ ಉಳಿಯುವುದಿಲ್ಲ. ಕೂಸಿನ ಕೈಗೆ ಸಿಗದಂತೆ ಇಡು, ಬರುವಾಗ ತಾ. ಶುಕ್ರವಾರ ಅಜ್ಜಿಗಿಂತ ಮೊದಲು ನಾನು ಕರ್ಪೂರದ ಮುಂದೆ ನಿಲ್ಲುತ್ತೇನೆ. ನೀನು ಬರಲೇಬೇಕು. ನಾನೊಬ್ಬಳೇ ಹೇಳಿದರೆ ಯಾರೂ ನಂಬುವುದಿಲ್ಲ.

ನಿಮ್ಮ ಮನೆ ತಣ್ಣಗಿರಲಿ.

ನಿನ್ನ ತಂಗಿ,
ದೀಪಿಕ

ಮೇಲೆ ಬರೆಯಲು ಕೈ ಬರಲಿಲ್ಲ: ಟಗರು ಇನ್ನೂ ತೂರಾಡುತ್ತಿದ್ದಾಗಲೇ ಅವ್ವ ಅದರ ಬಾಯಿಂದ ಆ ದಪ್ಪ ಎಲೆ ಎಳೆದು ನೋಡಿದಳು. ನನ್ನ ಮುಖ ನೋಡಿದಳು. ಎಲೆಯನ್ನು ಒಲೆಗೆ ಹಾಕಿ, ಆಮೇಲೆ ಬೀದಿಗಿಳಿದು ಅಜ್ಜಿಯ ಹೆಸರು ಕೂಗಿದಳು. ಗುಡಿ ಮುಂದೆ "ನಿಮ್ಮವ್ವನಿಗೆ ಗೊತ್ತಿತ್ತಾ?" ಎಂದು ಯಾರಾದರೂ ಕೇಳಿದರೆ, ಅಕ್ಕ, ನಾನು ಇಲ್ಲ ಅನ್ನಲಾರೆ.