ದಿಣ್ಣೆ ಹತ್ತುವ ಸೈಕಲ್ಲು

ಪ್ರೀತಿಯ ಭಾವನವರಿಗೆ,

ಪಿರಿಯಾಪಟ್ಟಣದಿಂದ ನಿಮ್ಮ ಮಾದೇವನ ನಮಸ್ಕಾರಗಳು. ಕ್ಷೇಮವೇ ಎಂದು ಕೇಳೋಣವೆಂದರೆ, ನೀವಿರುವ ಕಡೆ ಆ ಮಾತಿಗೆ ಅರ್ಥವಿದೆಯೋ ಇಲ್ಲವೋ. ಇತ್ತ ನಾನು ಕ್ಷೇಮ, ಸಕ್ಕರೆ ಕಾಯಿಲೆಯೊಂದನ್ನು ಬಿಟ್ಟರೆ. ಆದರೆ ನಾಚಿಕೆಯಿಂದ ತಲೆ ಎತ್ತಲಾಗುತ್ತಿಲ್ಲ. ಬದುಕಿರುವವರ ಹತ್ತಿರ ಹೇಳಿಕೊಂಡರೆ ಸಂಜೆಯೊಳಗೆ ಬಸ್ ಸ್ಟ್ಯಾಂಡಿನವರೆಗೆ ಸುದ್ದಿಯಾಗುತ್ತದೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನಾನು ಹೊಸ ಲಗೇಜ್ ಆಟೋ ತಂದು ಹಾರನಹಳ್ಳಿಯ ನಿಮ್ಮ ಮನೆ ಮುಂದೆ ನಿಲ್ಲಿಸಿದ ದಿನ ನೆನಪಿದೆಯೇ? ನಮ್ಮ ಪೈಪು, ಮೋಟರ್ ಅಂಗಡಿಯ ಹೆಸರನ್ನು ಅದರ ಮೈತುಂಬ ಬರೆಸಿದ್ದೆ. ನೀವು ಹೆಸರೂ ನೋಡಲಿಲ್ಲ, ಬಣ್ಣವೂ ನೋಡಲಿಲ್ಲ. ಹೆಗಲ ಮೇಲಿನ ಟವಲಿನಲ್ಲಿ ಕೈ ಒರೆಸಿಕೊಂಡು ಒಂದು ಸುತ್ತು ಹಾಕಿ, "ಎಲ್ಲಾ ಸರಿ, ದಿಣ್ಣೆ ಹತ್ತುತ್ತೇನಯ್ಯ?" ಅಂದಿರಿ. ಯಾರ ಮನೆಗೆ ಯಾವ ಗಾಡಿ ಬಂದರೂ ನಿಮ್ಮದು ಅದೊಂದೇ ಪ್ರಶ್ನೆ. ನಿಮ್ಮ ಮನೆಗೂ ಹೊಗೆಸೊಪ್ಪಿನ ಹೊಲಕ್ಕೂ ನಡುವೆ ಇರುವ ಆ ದಿಣ್ಣೆ ಹತ್ತದ ಗಾಡಿ ನಿಮ್ಮ ಲೆಕ್ಕದಲ್ಲಿ ಗಾಡಿಯೇ ಅಲ್ಲ. ಈಗ ನೀವೇ ದಿಣ್ಣೆಯ ಆಚೆ ಇದ್ದೀರಿ. ಕಳೆದ ಆಷಾಢದಲ್ಲಿ ನಾವೆಲ್ಲ ಸೇರಿ ನಿಮ್ಮನ್ನು ಅಲ್ಲಿ ಹೊಂಗೆ ಮರದ ಕೆಳಗೆ ಕೂರಿಸಿ ಬಂದೆವು.

ನಿಮ್ಮ ಶಿವಗಣಾರಾಧನೆ ಮುಗಿದ ಮೇಲೆ ಅಕ್ಕ ಮನೆಯಿಂದ ಆಚೆ ಬರುವುದನ್ನೇ ಬಿಟ್ಟಳು. ಸಮಾಧಿಯ ಹತ್ತಿರ ಹೋಗಿ ಒಂದು ಪತ್ರೆ ಇಟ್ಟು ಬರಬೇಕೆಂದು ಅವಳ ಆಸೆ. ಅಷ್ಟು ದೂರ ನಡೆಯಲು ಮಂಡಿ ಬಿಡುವುದಿಲ್ಲ. ಬಾ, ನನ್ನ ಸ್ಕೂಟರಿನಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದೆ. ಹುಣಸೂರಿನಿಂದ ನಿಮ್ಮ ಮಗಳು ಅಳಿಯ ಕಾರು ತಂದು ಕಾದರು. ಅಕ್ಕ ಜಪ್ಪಯ್ಯ ಅನ್ನಲಿಲ್ಲ. "ಅವರ ಗಾಡಿ ಹಿಂದೆ ಕೂತ್ಕಂಡು ಆ ದಿಣ್ಣೆ ಹತ್ತಿದೋಳು ಕಣೋ ನಾನು. ಈಗ ಅವರನ್ನೇ ನೋಡಕ್ಕೆ ಇನ್ನೊಬ್ಬರ ಬೆನ್ನಿಂದೆ ಕೂತ್ಕಂಡು ಓಗನಾ? ಆದ್ರೆ ನಾನೇ ಓಯ್ತೀನಿ, ಇಲ್ದಿದ್ರೆ ಇಲ್ಲ," ಅಂದಳು. ಇದಕ್ಕೆ ನಾನು ಏನು ಹೇಳಲಿ, ಭಾವ?

ಅದೇ ಹೊತ್ತಿಗೆ ಮೈಸೂರಿನ ಡಾಕ್ಟರು ನನ್ನ ಹೊಟ್ಟೆಯನ್ನೂ ರಿಪೋರ್ಟನ್ನೂ ಒಟ್ಟಿಗೆ ನೋಡಿ, ನಡೆದರೆ ನನಗೂ ಮಂಡಿ ನೋವೆಂದಾಗ, "ಮಂಡಿ ನೋವಿದ್ದರೆ ನಡೆಯಬೇಡಿ, ಸೈಕಲ್ ತುಳೀರಿ," ಎಂದರು. ಅಂಗಡಿ ಇಟ್ಟವನು ಸೈಕಲ್ಲಿನಲ್ಲಿ ಹೊರಟರೆ ನಮ್ಮ ಪೇಟೆಯಲ್ಲಿ ಏನನ್ನುತ್ತಾರೆಂದು ನಿಮಗೆ ಗೊತ್ತು. ವ್ಯಾಪಾರ ಬಿದ್ದುಹೋಗಿದೆ ಪಾಪ, ಅನ್ನುತ್ತಾರೆ. ಸೈಕಲ್ ತುಳಿದು ಏದುಸಿರು ಬಿಟ್ಟರೆ ಮುದುಕನಾದ ಅನ್ನುತ್ತಾರೆ. ಕರೆಂಟ್ ಸೈಕಲ್ ತಂದರೆ, ತುಳಿಯಲೂ ಆಗದ ಸೋಮಾರಿ ಅನ್ನುತ್ತಾರೆ. ಇಷ್ಟೆಲ್ಲವನ್ನೂ ಬೇರೆ ಯಾರೂ ಅನ್ನುವ ಮೊದಲು ನನಗೆ ನಾನೇ ಅಂದುಕೊಂಡಿದ್ದೆ.

ಕೊನೆಗೆ ಕರೆಂಟ್ ಸೈಕಲ್ಲೇ ಸರಿ ಎಂದು ಹೊರಟೆ. ಮೈಸೂರಿನ ಸೈಕಲ್ ಅಂಗಡಿಯಾತ ಒಳ್ಳೆಯ ಮನುಷ್ಯ. ಕೈಗೆಟುಕುವ ಬೆಲೆಯವನ್ನೇ ಸಾಲಾಗಿ ನಿಲ್ಲಿಸಿ ವಿವರಿಸಿದ. ಲೈಸೆನ್ಸ್ ಬೇಡ, ನಂಬರ್ ಪ್ಲೇಟು ಬೇಡ. ಒಂದರಲ್ಲಿ ಬ್ಯಾಟರಿ ಬಿಚ್ಚಿ ಒಳಗೆ ಒಯ್ದು ಚಾರ್ಜಿಗೆ ಹಾಕಬಹುದು. ಇನ್ನೊಂದಕ್ಕೆ ಗೇರಿದೆ, ತೂಕ ಕಡಿಮೆ. ಮತ್ತೊಂದರ ಚೌಕಟ್ಟು ತಗ್ಗು, ಕಾಲೆತ್ತಿ ಹಾಕುವ ಕಷ್ಟವಿಲ್ಲ. "ತುಳಿದರೆ ಮೋಟರೂ ಜೊತೆಗೆ ತುಳಿಯುತ್ತೆ ಸಾರ್. ಎಕ್ಸಲೇಟರ್ ತಿರುಗಿಸಿದ್ರೆ ತುಳಿಯೋದೇ ಬೇಡ, ತಾನೇ ಹೋಗುತ್ತೆ. ನಿಮಗೆ ಮೈ ಇಳೀಬೇಕು ಅಂದ್ರೆ ಎಕ್ಸಲೇಟರ್ ಮುಟ್ಟಬೇಡಿ," ಎಂದ. ಬ್ರೇಕು ಹೇಗೆ, ರಿಪೇರಿಗೆ ಎಲ್ಲಿಗೆ ಬರಬೇಕು, ಮಳೆಯಲ್ಲಿ ನೆನೆದರೆ ಏನು, ಇವನ್ನೆಲ್ಲ ನಾನು ಕೇಳಬೇಕಿತ್ತು. ನಿಮ್ಮ ದಿಣ್ಣೆಯ ಪ್ರಶ್ನೆಯನ್ನಾದರೂ ಕೇಳಬೇಕಿತ್ತು. ನಾನು ಕೇಳಿದ್ದು, "ಮೋಟರ್ ಇದೆ ಅಂತ ಗೊತ್ತಾಗದೆ ಇರೋದು ಯಾವುದು?"

ಆತ ಬ್ಯಾಟರಿಯನ್ನು ದಪ್ಪ ಪೈಪಿನೊಳಗೆ ಅಡಗಿಸಿದ್ದ ಕಪ್ಪು ಸೈಕಲ್ಲೊಂದನ್ನು ತೋರಿಸಿದ. ಹಿಂದಿನ ಚಕ್ರದ ನಡುವೆ ಮೋಟರು, ನೋಡಿದರೆ ಗೇರಿನ ಡಬ್ಬಿಯಂತೆ. ಒಂದೇ ತೊಂದರೆಯೆಂದರೆ, ಪೈಪಿನ ಮೇಲೆ ಇಂಗ್ಲಿಷಿನಲ್ಲಿ ದೊಡ್ಡದಾಗಿ ಎಲೆಕ್ಟ್ರಿಕ್ ಎಂದು ಬರೆದಿತ್ತು. ಊರಿಗೆ ಬಂದವನೇ ಆಟೋಗಳಿಗೆ ಹೆಸರು ಕತ್ತರಿಸಿ ಅಂಟಿಸುವ ರೇಡಿಯಂ ಅಂಗಡಿಗೆ ಹೋದೆ. ಆ ಅಕ್ಷರಗಳ ಮೇಲೆ ಸರಿಯಾಗಿ ಕೂರುವ ಹಾಗೆ 'ಓಂ ನಮಃ ಶಿವಾಯ' ಎಂದು ಅಂಟಿಸಿಕೊಂಡೆ. ಹೌದು ಭಾವ, ಕೊರಳಲ್ಲಿ ಲಿಂಗ ಕಟ್ಟಿಕೊಂಡವನು, ಇಡೀ ಬದುಕು ಮೋಟರ್ ಮಾರಿ ಉಂಡವನು, ಶಿವನ ಹೆಸರಿನ ಹಿಂದೆ ಮೋಟರನ್ನು ಬಚ್ಚಿಟ್ಟೆ. ಬರೆಯುವಾಗಲೂ ಮುಖ ಬಿಸಿಯಾಗುತ್ತಿದೆ.

ಮೊದಲ ದಿನ ಪೇಟೆಬೀದಿಯಲ್ಲಿ ಹೊರಟಾಗ ಟೀ ಅಂಗಡಿಯವನು ಲೋಟ ಹಿಡಿದೇ ಎದ್ದು ನಿಂತ. "ಸಾವ್ಕಾರ್ರು ಈ ವಯಸ್ನಾಗೂ ಎಂಗ್ ತುಳೀತಾರೆ ನೋಡ್ರಲಾ, ಒಂದ್ ತೊಟ್ಟು ಬೆವರಿಲ್ಲ," ಅಂದ. ಬೆವರು ಎಲ್ಲಿಂದ ಬರಬೇಕು? ಎಕ್ಸಲೇಟರ್ ತಿರುಗಿಸಿಕೊಂಡು ಕಾಲನ್ನು ಸುಮ್ಮನೆ ಆಡಿಸುತ್ತಿದ್ದೆ. ಇಲ್ಲವೆನ್ನಬಹುದಿತ್ತು. ನಕ್ಕು ಗಂಟೆ ಬಾರಿಸಿದೆ. ಅಲ್ಲಿಂದಾಚೆಗೆ ಹೊಗಳಿಕೆಯ ರುಚಿ ಹತ್ತಿತು. ಸಕ್ಕರೆ ಮಾತ್ರ ಇಳಿಯಲಿಲ್ಲ. ಇಷ್ಟು ತುಳಿದರೂ ಹೀಗೇಕೆ ಎಂದು ಡಾಕ್ಟರು ಮಾತ್ರೆ ಬದಲಾಯಿಸಿದರು, ನಾನು ಅವರೆದುರೂ ಬಾಯಿ ಬಿಡಲಿಲ್ಲ.

ಒಂದು ಭಾನುವಾರ ಅದರಲ್ಲೇ ಅಕ್ಕನ ಮನೆಗೆ ಹೋದೆ. ಬಾಗಿಲಲ್ಲಿ ನಿಂತವಳು ನನ್ನನ್ನೂ ಸೈಕಲ್ಲನ್ನೂ ನೋಡುತ್ತಲೇ ಇದ್ದಳು. ಶಿವನ ಹೆಸರನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಆಗಲೇ ಹೇಳಬಹುದಿತ್ತಲ್ಲವೇ?

"ಪಿರಿಯಾಪಟ್ಣದಿಂದ ತುಳ್ಕಂಡೇ ಬಂದ್ಯಾ ಮಾದೇವ?"

"ಹೂಂ ಅಕ್ಕ."

"ಚಕ್ರದಾಗೆ ಅದೇನೋ ಗುಂಯ್ ಅಂತಿತ್ತಲ್ಲ?"

"ಡೈನಮೋ ಅಕ್ಕ, ಲೈಟಿಗೆ."

ನಂಬಿದಳು. ತಮ್ಮ ಹೇಳಿದರೆ ಅವಳು ಯಾವತ್ತು ನಂಬಲಿಲ್ಲ? ಅಷ್ಟೇ ಆಗಿದ್ದರೆ ಈ ಕಾಗದವೂ ಬೇಕಿರಲಿಲ್ಲ. ನಾನು ಹೋದ ಮೇಲೆ ಅವಳು ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಕತ್ತಲಲ್ಲಿ ಸೊಪ್ಪಿನ ಕಡ್ಡಿಗಳ ಜೊತೆ ನೇತುಹಾಕಿದ್ದ ಮಗಳ ಸೈಕಲ್ಲನ್ನು ಇಳಿಸಿದಳು, ಹೈಸ್ಕೂಲಿನಲ್ಲಿ ಸರ್ಕಾರದವರು ಕೊಟ್ಟದ್ದು, ಮುಂದೆ ಬುಟ್ಟಿ ಇರುವುದು. ಅಕ್ಕ ಕೆ.ಆರ್. ನಗರದಲ್ಲಿ ಹುಡುಗಿಯಾಗಿದ್ದಾಗ ಅಪ್ಪನ ಸೈಕಲ್ಲಿಗೆ ಒಳಪೆಡಲು ಹಾಕಿ ನಾಲೆ ಏರಿಯ ಮೇಲೆ ಹೋಗುತ್ತಿದ್ದದ್ದು ನನಗೆ ಗೊತ್ತು. ಮದುವೆಯಾದ ಮೇಲೂ ಬ್ಯಾರನ್ನಿನ ಅಂಗಳದಲ್ಲಿ ನೀವು ಅವಳಿಗೆ ಸೈಕಲ್ ಕೊಟ್ಟು, ಯಾರಾದರೂ ಬರುತ್ತಾರೇನೋ ಎಂದು ಬಾಗಿಲು ಕಾಯುತ್ತಿದ್ದಿರಂತೆ. ಅದನ್ನು ಈಗ ಅವಳು ಹೇಳಿದಳು. ಒಂದು ತಿಂಗಳು ಅಂಗಳದಲ್ಲಿ ಸುತ್ತು ಹಾಕಿ ಹಾಕಿ ಕಾಲು ಪಳಗಿಸಿದಳು. "ಈ ಡೊಳ್ಳೊಟ್ಟೆ ಮಾದೇವನೇ ಅಲ್ಲಿಂದ ತುಳ್ಕಂಡು ಬತ್ತಾನೆ. ನಾನು ದಿಣ್ಣೆ ದಾಟಕ್ಕಾಗಲ್ವಾ?" ಎಂದು ಮಗಳಿಗೆ ಫೋನಿನಲ್ಲಿ ಹೇಳಿದಳಂತೆ. ನಗುತ್ತಾ ಹೇಳಿದಳು ಎಂದು ಮಗಳು ನನಗೆ ಹೇಳಿ ಅತ್ತಳು.

ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಅಕ್ಕ ಬಿಳಿ ಅಂಚಿನ ಸೀರೆ ಉಟ್ಟು, ಬುಟ್ಟಿಯಲ್ಲಿ ಪತ್ರೆ, ವಿಭೂತಿ, ನಿಮಗೆ ಇಷ್ಟವಾದ ಕಡಲೆಪುರಿ ಇಟ್ಟುಕೊಂಡು ಹೊರಟಳು. ಜೊತೆಗೆ ನಾನು. ದಿಣ್ಣೆಯ ಬುಡದಲ್ಲಿ, "ನೀನ್ ಮುಂದೆ ಓಗು, ನಿನ್ ನೋಡ್ಕಂಡು ನಾನ್ ಬತ್ತೀನಿ," ಅಂದಳು. ನಾನು ಮುಂದೆ ಹೋದೆ. ಕಿವಿ ಹಿಂಡಿದಂತೆ ಎಕ್ಸಲೇಟರ್ ತಿರುಗಿಸಿದೆ, ಬೆನ್ನು ನೆಟ್ಟಗಿಟ್ಟುಕೊಂಡು ಹತ್ತಿದೆ. ಮೇಲೆ ಹೋಗಿ ತಿರುಗಿ ನೋಡಿದರೆ ಅವಳು ಅರ್ಧ ದಾರಿಯಲ್ಲಿ ಸೈಕಲ್ಲಿಗೆ ಒರಗಿ ನಿಂತಿದ್ದಳು, ಒಂದು ಕೈ ಎದೆಯ ಮೇಲೆ. ಓಡಿ ಇಳಿದೆ. ಅವಳ ಕಣ್ಣು ಸಮಾಧಿಯ ಕಡೆ ಇರಲಿಲ್ಲ, ತನ್ನ ಕಾಲುಗಳ ಮೇಲಿತ್ತು. "ನನ್ ಕೈಲಾಗಲ್ಲ ಬುಡೋ. ನಿಮ್ಮ ಭಾವ ಓದಾಗ್ಲೇ ಈ ಕಾಲಿನ ಕಸುವೂ ಓಯ್ತು ಕಾಣ್ತದೆ," ಅಂದಳು. ಸೈಕಲ್ ತಳ್ಳಿಕೊಂಡು ಮನೆಗೆ ಹೋದಳು. ಬುಟ್ಟಿಯ ಪತ್ರೆ ಬುಟ್ಟಿಯಲ್ಲೇ ಬಾಡಿತು.

ಆಗಲೂ ನಾನು ಹೇಳಲಿಲ್ಲ, ಭಾವ. ಇದನ್ನು ಬರೆಯಲೆಂದೇ ಇಷ್ಟು ದೂರ ಸುತ್ತಿಕೊಂಡು ಬಂದೆ. ಜನರ ಎದುರು ಸುಳ್ಳು ಹೇಳಿದ್ದು ಒಂದು ತೂಕವಾದರೆ, ಅವಳು ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತಾಗ ನಾನು ಸುಮ್ಮನಿದ್ದದ್ದು... ಅವಳು ಮತ್ತೆ ಸೈಕಲ್ಲನ್ನು ಬ್ಯಾರನ್ನಿನಲ್ಲಿ ನೇತುಹಾಕಿದಳೆಂದು ಮಗಳು ಹೇಳಿದ ಮೇಲೆ ನನಗೆ ಅನ್ನ ಸೇರಲಿಲ್ಲ.

ಮುಂದಿನ ಭಾನುವಾರ ಹೋದಾಗ ಅಕ್ಕ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಸೈಕಲ್ಲನ್ನು ಅವಳ ಮುಂದೆ ನಿಲ್ಲಿಸಿ, ಕುಕ್ಕರುಗಾಲಿನಲ್ಲಿ ಕೂತು, ಉಗುರಿನಿಂದ ಶಿವನ ಹೆಸರನ್ನು ಕೀಳಲು ಶುರು ಮಾಡಿದೆ. 'ಓಂ' ಬಂತು, 'ನಮಃ' ಬಂತು. 'ಶಿವಾಯ' ಸುಲಭಕ್ಕೆ ಬಿಡಲಿಲ್ಲ. "ಏ, ಯಾಕ್ಲಾ ಕೀಳ್ತೀಯ ದೇವರೆಸ್ರನ?" ಎಂದು ಗದರಿಕೊಂಡು ಎದ್ದು ಬಂದಳು. ಕೆಳಗಿದ್ದ ಇಂಗ್ಲಿಷ್ ಅಕ್ಷರಗಳನ್ನು ಬೆರಳಿಟ್ಟು ಒಂದೊಂದಾಗಿ ಕೂಡಿಸಿ ಓದಿದಳು. ಅವಳು ಎಸ್ಸೆಸ್ಸೆಲ್ಸಿ ಪಾಸಾದವಳಲ್ಲವೇ?

"ಮೋಟ್ರಾ?"

"ಹೂಂ ಅಕ್ಕ."

"ಅವತ್ತು ದಿಣ್ಣೆ ಅತ್ತಿದ್ದು?"

ತಲೆ ಆಡಿಸಿದೆ. ಬಯ್ಯುತ್ತಾಳೆಂದು ಕಾದೆ, ಬಯ್ದಿದ್ದರೆ ಹಗುರವಾಗುತ್ತಿತ್ತು. ಅವಳು ಜಗಲಿಗೆ ಹೋಗಿ ಕೂತು ಮೊರವನ್ನು ಮಡಿಲಿಗೆ ಎಳೆದುಕೊಂಡಳು. "ಇಷ್ಟ್ ದಿನವೂ ನನ್ ಕಾಲ್ನ ನಾನ್ ಬಯ್ಕಂತಿದ್ದೆ ಕಣೋ," ಅಂದಳು. ಅಷ್ಟೇ. ನನಗೆ ಆ ಅಂಗಳ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ಒಂದು ಹಿಡಿ ಕಾಯಿ ಬಿಡಿಸಿ, "ಮುಚ್ಚಿಡೋದು ಮುಚ್ಚಿಟ್ಟೆ, ಶಿವನ್ನ ಯಾಕೆ ಅಡ್ಡ ನಿಲ್ಲಿಸ್ದೆ?" ಎಂದು ಕೇಳಿದಳು. ಅವತ್ತು ನನಗೆ ಕಾಫಿಯೂ ಸಿಗಲಿಲ್ಲ. ಹೊರಡುವಾಗ ಮಾತ್ರ ಮುಖ ನೋಡದೆ, "ಸೀರೆ ಉಟ್ಕಂಡೋರಿಗೆ ಅಂಥದು ಸಿಗ್ತದಾ?" ಅಂದಳು.

ಮೈಸೂರಿನ ಅದೇ ಅಂಗಡಿಗೆ ಅವಳನ್ನು ಕರೆದುಕೊಂಡು ಹೋದೆ. ನನ್ನ ಕಪ್ಪು ಸೈಕಲ್ಲನ್ನು ಬದಲಿಗೆ ಕೊಡಲು ಆಟೋದಲ್ಲಿ ಹಾಕಿಕೊಂಡಿದ್ದೆ. ಪೈಪಿನ ಮೇಲಿನ ಅಂಟಿನ ಗುರುತು ನೋಡಿ ಅಂಗಡಿಯಾತ ಏನೂ ಕೇಳಲಿಲ್ಲ, ಅದೇ ನನ್ನ ಪುಣ್ಯ. ಅಕ್ಕ ತಗ್ಗು ಚೌಕಟ್ಟಿನದರ ಮೇಲೆ ಕೂತು ಎರಡು ಕಾಲೂ ನೆಲಕ್ಕೆ ಎಟುಕುತ್ತವೆಯೇ ನೋಡಿದಳು. ಸೆರಗು ಚಕ್ರಕ್ಕೆ ಸಿಗದಂತೆ ಜಾಲರಿ ಹಾಕಿಕೊಡಲು ಹೇಳಿದಳು. ಬ್ರೇಕನ್ನು ಎರಡೆರಡು ಸಲ ಹಿಡಿದಳು. ಬ್ಯಾಟರಿ ಹಿಂದೆ ಕ್ಯಾರಿಯರ್ ಕೆಳಗೆ ಎಲ್ಲರಿಗೂ ಕಾಣುವಂತೆ ಇತ್ತು, ಅದಕ್ಕೆ ಅವಳ ತಕರಾರಿಲ್ಲ. ಎಕ್ಸಲೇಟರ್ ತೋರಿಸಿದರೆ ಬೇಡವೆಂದಳು. "ನಾನ್ ತುಳುದ್ರೆ ತಾನೆ ಇದೂ ತುಳಿಯೋದು? ನಾನ್ ನಿಲ್ಸಿದ್ರೆ ನಿಲ್ತದೆ ತಾನೆ? ಅಂಗಾದ್ರೆ ಸರಿ, ನಾನೇ ಓದಂಗೆ." ಆಮೇಲೆ ಸೆರಗಿನಲ್ಲಿ ಕೈ ಒರೆಸಿಕೊಂಡು ಸೈಕಲ್ಲಿಗೆ ಒಂದು ಸುತ್ತು ಹಾಕಿ, "ಎಲ್ಲಾ ಸರಿ, ದಿಣ್ಣೆ ಹತ್ತುತ್ತೇನಪ್ಪ?" ಎಂದು ಕೇಳಿದಳು. ನಾನು ರಸ್ತೆಯ ಕಡೆ ತಿರುಗಿ ನಿಂತೆ.

ನಾನೀಗ ಮಗಳ ಆ ಬುಟ್ಟಿಯ ಸೈಕಲ್ ತುಳಿಯುತ್ತಿದ್ದೇನೆ. ಅಕ್ಕ ಕೊಟ್ಟ ಶಿಕ್ಷೆಯಲ್ಲ, ನಾನೇ ಕೇಳಿ ಪಡೆದದ್ದು. ಪೇಟೆಯಲ್ಲಿ ಹೊರಟರೆ ಬೆವರು ಬಟ್ಟೆಯನ್ನು ದಾಟಿ ಇಳಿಯುತ್ತದೆ. "ಏನ್ ಸಾವ್ಕಾರ್ರೇ, ಹೈಸ್ಕೂಲಿಗೆ ಸೇರ್ಕಂಡ್ರಾ?" ಎಂದು ಟೀ ಅಂಗಡಿಯವನು ಕೇಳುತ್ತಾನೆ. ಹಳೆಯದರಲ್ಲಿ ಮೋಟರ್ ಇತ್ತು ಕಣಪ್ಪ ಎಂದು ಅವನಿಗೂ ಹೇಳಿದೆ. ನಗುತ್ತಾರೆ, ನಗಲಿ. ನಾಚಿಕೆ ಹೋಗಿಲ್ಲ ಭಾವ, ಆದರೆ ಈಗ ಅದು ಬೇರೆ ಕಾರಣಕ್ಕೆ.

ಮೊನ್ನೆ ಸೋಮವಾರ ಅಕ್ಕ ಅದೇ ಸೀರೆ ಉಟ್ಟು ಹೊರಟಳು. ಈ ಸಲ ಅವಳು ಮುಂದೆ, ನಾನು ಹಿಂದೆ. ದಿಣ್ಣೆಯ ಅರ್ಧದಲ್ಲಿ, ಅವತ್ತು ಅವಳು ನಿಂತಿದ್ದ ಜಾಗದಲ್ಲೇ, ನಾನು ಇಳಿದು ಸೈಕಲ್ ತಳ್ಳತೊಡಗಿದೆ. ಅವಳು ತುಳಿಯುತ್ತಲೇ ಹೋದಳು, ಹಿಂದೆ ತಿರುಗಲಿಲ್ಲ. ನಾನು ಏದುಸಿರು ಬಿಡುತ್ತಾ ಹೊಂಗೆ ಮರದ ಹತ್ತಿರ ಬರುವಷ್ಟರಲ್ಲಿ ಅವಳು ಪತ್ರೆ ಏರಿಸಿ, ವಿಭೂತಿ ಇಟ್ಟು, ನಿಮ್ಮ ಪಕ್ಕದಲ್ಲಿ ಕೂತಾಗಿತ್ತು. "ಬರೋದ್ ತಡ ಆಯ್ತು ಕಣ್ರೀ," ಎಂದು ನಿಮಗೆ ಹೇಳುತ್ತಿದ್ದಳು. ಯಾರಿಂದ ತಡವಾಯಿತೆಂದು ಹೇಳಲಿಲ್ಲ. ನಾನು ಕೇಳಿಸಿಕೊಳ್ಳುತ್ತಿದ್ದೇನೆಂದು ಗೊತ್ತಿದ್ದೂ ಹೇಳಲಿಲ್ಲ.

ಅದಕ್ಕೇ ನಾನೇ ಬರೆದು ತಿಳಿಸುತ್ತಿದ್ದೇನೆ. ಮತ್ತೆ ನಿಮ್ಮ ಪ್ರಶ್ನೆಗೆ ಉತ್ತರ. ಹತ್ತುತ್ತೆ ಭಾವ. ಅಕ್ಕ ಹತ್ತುತ್ತಾಳೆ. ನಾನು ಇನ್ನೂ ತಳ್ಳಿಕೊಂಡು ಬರುತ್ತಿದ್ದೇನೆ.

ನಿಮ್ಮ
ಮಾದೇವ